ಹನ್ನೊಂದನೆಯ ಸ್ಥಳ

ವ್ಯಾಸಂಗಕ್ಕೆಂದು ಪರದೇಶಕ್ಕೆ ಹೋಗುವವರಲ್ಲಿ ಎರಡು ಬಗೆಯವರುಂಟು. ಓದು ಮುಗಿಸಿ, ಬಿಡುವಿದ್ದರೆ ಊರು ನೋಡುವವರು ಒಂದು ಬಗೆ. ಊರೆಲ್ಲ ನೋಡಿ ಮುಗಿಸಿ, ಬಿಡುವಿದ್ದರೆ ಓದುವವರು ಇನ್ನೊಂದು ಬಗೆ. ನಾನು ಇವೆರಡರ ನಡುವಿನವನು. ಕನ್ನಡ ಹಸ್ತಪ್ರತಿಗಳ ಅಭ್ಯಾಸಕ್ಕಾಗಿ ಒಂದು ವರ್ಷ ಇಂಗ್ಲೆಂಡಿನಲ್ಲಿರುವ ಅವಕಾಶ ದೊರೆತಾಗ, ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಹತ್ತು ಸ್ಥಳಗಳ ಹೆಸರನ್ನು ಬರೆದುಕೊಂಡು ಹೊರಟೆ. ಅದನ್ನು ಕಂಡ ಸಹೋದ್ಯೋಗಿಯೊಬ್ಬರು, "ಇದೇನು ಮೇಷ್ಟ್ರೇ, ಅರಮನೆಯೂ ಇಲ್ಲ, ದೊಡ್ಡ ಗಡಿಯಾರವೂ ಇಲ್ಲ!" ಎಂದು ನಕ್ಕರು. ಅವುಗಳನ್ನು ಕ್ಯಾಲೆಂಡರುಗಳಲ್ಲಿ ಬೇಕಾದಷ್ಟು ನೋಡಿಯಾಗಿತ್ತು. ಕನ್ನಡ ಓದಿದವನೊಬ್ಬನಿಗೆ ಆ ನಾಡಿನಲ್ಲಿ ನೆಂಟಸ್ತಿಕೆ ಎಲ್ಲೆಲ್ಲಿದೆ ಎಂದು ಹುಡುಕುವುದೇ ನನ್ನ ಪಟ್ಟಿಯ ಉದ್ದೇಶವಾಗಿತ್ತು.

ಮೊದಲನೆಯದು ಸುಲಭದ್ದು. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್ ಪ್ರದೇಶದ ಮೇಯರಾಗಿದ್ದ ಕನ್ನಡಿಗ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸಿದ್ಧವಾದ ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಜಿನುಗು ಮಳೆಯಲ್ಲಿ ಕೊಡೆ ಹಿಡಿದು ನಿಂತು ಆ ಮುಖವನ್ನು ನೋಡಿದೆ. ಸ್ಥಾವರ ಜಂಗಮಗಳ ಭೇದವನ್ನು ತರಗತಿಯಲ್ಲಿ ವರ್ಷವರ್ಷವೂ ಪಾಠ ಹೇಳುವವನಿಗೆ, ಜಂಗಮದ ಪಕ್ಷ ವಹಿಸಿದ ಮಹಾನುಭಾವನನ್ನು ಕಂಚಿನಲ್ಲಿ ಸ್ಥಾವರವಾಗಿ ಕಂಡಾಗ ಸಣ್ಣ ನಗೆಯೊಂದು ಬಾರದಿರಲಿಲ್ಲ. ಕಣ್ಣು ತೇವವಾದದ್ದೂ ಸುಳ್ಳಲ್ಲ.

ಬರ್ಮಿಂಗ್‌ಹ್ಯಾಮ್ ನಗರಕ್ಕೆ ಎರಡು ಕಾರಣಗಳಿಂದ ಹೋದೆ. ಬಿ. ಎಂ. ಶ್ರೀಯವರ ಕನ್ನಡದಲ್ಲಿ ನಮ್ಮ ಶಾಲೆಗಳ ಪ್ರಾರ್ಥನೆಯೇ ಆಗಿಹೋದ 'ಕರುಣಾಳು ಬಾ ಬೆಳಕೆ'ಯ ಮೂಲಕವಿ ನ್ಯೂಮನ್, 1890ರಲ್ಲಿ ತೀರಿಕೊಂಡದ್ದು ಅಲ್ಲಿನ ಮಠದಲ್ಲಿ. ಅನಂತಮೂರ್ತಿಯವರು 1966ರಲ್ಲಿ ಡಾಕ್ಟರೇಟ್ ಪಡೆದದ್ದು ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ. ಬರ್ಗ್‌ಮನ್ನನ ಚಲನಚಿತ್ರವೊಂದನ್ನು ನೋಡಿದ ಪ್ರೇರಣೆಯಿಂದ ಅವರು 'ಸಂಸ್ಕಾರ'ವನ್ನು ಬರೆದದ್ದೂ ಅಲ್ಲಿಯೇ. ಮಲೆನಾಡಿನ ಅಗ್ರಹಾರವನ್ನು ಅಷ್ಟು ಸ್ಪಷ್ಟವಾಗಿ ಕಾಣಲು ಅಷ್ಟು ದೂರ ನಿಲ್ಲಬೇಕಾಯಿತೇನೋ ಎಂದು, ಕೆಂಪು ಇಟ್ಟಿಗೆಯ ಆ ಕಟ್ಟಡಗಳ ನಡುವೆ ನಡೆಯುತ್ತ ಯೋಚಿಸಿದೆ.

ಪಟ್ಟಿಯಲ್ಲಿ ಅತ್ಯಂತ ದೂರದ್ದು ಸ್ಕಾಟ್ಲೆಂಡಿನ ಆಚೆಯ ದ್ವೀಪದಲ್ಲಿರುವ ಸ್ಟೋರ್ನೋವೇ. ರಾತ್ರಿ ಬಸ್ಸು, ಹಗಲು ಬಸ್ಸು, ಅನಂತರ ಉಲ್ಲಾಪೂಲ್ ಎಂಬಲ್ಲಿಂದ ಹಡಗು. ಅಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿ 1783ರಲ್ಲಿ ಭಾರತಕ್ಕೆ ಬಂದ. ಟೀಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದ. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರ ನೆರವಿನಿಂದ ಊರೂರಿನ ಕೈಫಿಯತ್ತುಗಳನ್ನು ಬರೆಯಿಸಿದ. ಕೆರೆ ಯಾರು ಕಟ್ಟಿಸಿದರು, ಗಡಿ ಎಲ್ಲಿದೆ, ಉಂಬಳಿ ಯಾರದು ಎಂದು ಹಳ್ಳಿಯ ಹಿರಿಯರು ಹೇಳಿದ್ದೇ ಆ ಬರಹಗಳ ಜೀವ. 1821ರಲ್ಲಿ ಇಲ್ಲಿಯೇ ಮಡಿದ ಅವನು ಒಮ್ಮೆಯೂ ತನ್ನ ದ್ವೀಪಕ್ಕೆ ಮರಳಲಿಲ್ಲ. ನಮ್ಮ ಊರುಗಳನ್ನೆಲ್ಲ ಬರೆಯಿಸಿಟ್ಟವನು ತನ್ನ ಊರನ್ನು ಮತ್ತೆ ನೋಡದೆ ಹೋದನಲ್ಲ ಎಂದು, ಆ ಬಂದರಿನ ಗಾಳಿಯಲ್ಲಿ ನಿಂತಾಗ ಮನಸ್ಸಿಗೆ ನಾಟಿತು.

ಹೀಗೆ ಹತ್ತೂ ಸ್ಥಳಗಳು ಮುಗಿದವು. ಖರ್ಚು ಹೇಗೆ ತೂಗಿತೆಂದು ವಾಚಕರು ಕೇಳಬಹುದು. ವಿದ್ಯಾರ್ಥಿವೇತನ ಊಟ ವಸತಿಗೆ ಸರಿಹೋಗುತ್ತಿತ್ತು. ವಿಮಾನದ ಟಿಕೆಟ್ಟಿಗೂ ಈ ಸುತ್ತಾಟಕ್ಕೂ ಹಣ ಕೊಟ್ಟದ್ದು ನಮ್ಮ ಹೊಲ.

ನಮ್ಮದು ಪಾವಗಡ ತಾಲ್ಲೂಕಿನ ರಾಯಚರ್ಲು. ಬಹುಪಾಲು ಆಂಧ್ರದ ನೆಲ ಸುತ್ತುವರಿದ ತಾಲ್ಲೂಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬೆಂಗಳೂರಿನ ಬಸ್ಸು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚರ್ಲು ಈ ಐದು ಊರುಗಳ ಸುಮಾರು 13,000 ಎಕರೆ ನೆಲದಲ್ಲಿ ಈಗ ಸೌರವಿದ್ಯುತ್ತಿನ ಫಲಕಗಳು ನಿಂತಿವೆ. 2019ರ ಕೊನೆಗೆ ಪೂರ್ತಿಯಾದ ಅದರ ಸಾಮರ್ಥ್ಯ 2,050 ಮೆಗಾವಾಟ್. ರೈತರು ನೆಲವನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆಯೊಡನೆ, 28 ವರ್ಷಗಳ ಗುತ್ತಿಗೆಗೆ ಕೊಟ್ಟರು. ಅಪ್ಪನೂ ಐದು ಎಕರೆ ಕೊಟ್ಟ. ಹೊಲವಿದ್ದವರಿಗೆ ಬರಗಾಲದಲ್ಲಿಯೂ ತಪ್ಪದ ಹಣವೊಂದು ಬಂದಿತು. ಹೊಲವಿಲ್ಲದೆ ನಮ್ಮಲ್ಲಿ ಕಾಯಿ ಬಿಡಿಸಲು ಬರುತ್ತಿದ್ದವರಿಗೆ ಕೂಲಿ ತಪ್ಪಿತು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ನನ್ನ ವಸತಿಗೃಹದಲ್ಲಿ ವಿದ್ಯುತ್ ವಿಷಯ ಓದುತ್ತಿದ್ದ ಸ್ಪೇನ್ ದೇಶದ ಹುಡುಗನೊಬ್ಬನಿದ್ದ. ಅವನೂ ನೋಡಬೇಕಾದ ಸ್ಥಳಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿಕೊಂಡಿದ್ದ. ಒಂದು ಸಂಜೆ ಚಹಾ ಕುಡಿಯಲು ಹೋದವನು ಓದಿನೋಡುತ್ತೇನೆ: ಅದರಲ್ಲಿ ಏಳನೆಯ ಹೆಸರು ಪಾವಗಡ! ನಾನು ಆ ಊರಿನವನೆಂದಾಗ ಅವನು ಎದ್ದು ನಿಂತು ಕೈಕುಲುಕಿದ. ಕೂಡಲೇ ಉಪಗ್ರಹದಿಂದ ತೆಗೆದ ಚಿತ್ರವನ್ನು ತೋರಿಸಿದ. ಕಂದು ನೆಲದ ಮೇಲೆ ಕಡುನೀಲಿಯ ಚೌಕಗಳು. "ನೆಲದ ಮೇಲೆ ನಿಂತರೆ ಹೇಗೆ ಕಾಣುತ್ತದೆ?" ಎಂದು ಕೇಳಿದ. ನಾನು ಉತ್ತರ ಹೇಳುವುದನ್ನು ಬಿಟ್ಟು, ಆ ನೀಲಿಯಲ್ಲಿ ನಮ್ಮ ಐದು ಎಕರೆಯನ್ನು ಹುಡುಕತೊಡಗಿದೆ. ಕೆರೆಯ ಏರಿ ಸಿಕ್ಕಿತು, ಊರು ಸಿಕ್ಕಿತು, ಹೊಲ ಸಿಕ್ಕಲಿಲ್ಲ. ಬದುಗಳೆಲ್ಲ ಸಮವಾಗಿದ್ದವು. ನಾನು ಊರೂರು ತಿರುಗಿ ನೋಡಿದ್ದಕ್ಕೆಲ್ಲ ಬೆಲೆಯಾಗಿ ಸಂದ ನೆಲವನ್ನು ನಾನೇ ಗುರುತಿಸಲಾರದೆ ಹೋದೆ.

ಮರಳಿ ಬಂದ ಮೇಲೆ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಮಳೆ ಹೆಂಗಪ್ಪ?" ಎಂದು. ದಿನಾ ಜಿನುಗುತ್ತದೆ, ಯಾರೂ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಇರೋರಿಗೆ ಹಂಗೇ" ಎಂದ. ಅನಂತರ ನಾನು ಕಾಗದ ತೆಗೆದುಕೊಂಡು, ನಮ್ಮ ಹೊಲ ಎಲ್ಲಿತ್ತು ಹೇಳು ಎಂದು ಕುಳಿತೆ. ಕೆರೆಯ ತೂಬಿನಿಂದ ಮೂಡಲಿಗೆ ಎಷ್ಟು ಹೆಜ್ಜೆ, ಒಂಟಿ ಹುಣಸೆಮರ ಯಾವ ಮೂಲೆಗೆ, ತಾತ ತೋಡಿಸಿದ ಬಾವಿ ಎಲ್ಲಿ, ಯಾವ ಬದುವಿನ ಆಚೆ ಯಾರ ಹೊಲ, ಎಲ್ಲವನ್ನೂ ಅವನು ಕಣ್ಣು ಮುಚ್ಚಿಕೊಂಡು ಹೇಳಿದ. ಮೆಕೆಂಜಿಯ ಗುಮಾಸ್ತರಂತೆ ಒಂದಕ್ಷರವನ್ನೂ ಬಿಡದೆ ಬರೆದುಕೊಂಡೆ. ಎರಡು ಪುಟವಾಯಿತು.

ಆ ಎರಡು ಪುಟಗಳು ಈಗ ಹತ್ತು ಸ್ಥಳಗಳ ಪಟ್ಟಿಯೊಡನೆ ಅದೇ ನೋಟುಪುಸ್ತಕದಲ್ಲಿವೆ. ಪಟ್ಟಿಗೆ ಹನ್ನೊಂದನೆಯದಾಗಿ 'ನಮ್ಮ ಹೊಲ' ಎಂದು ಸೇರಿಸಿದ್ದೇನೆ. ಗುತ್ತಿಗೆ ಮುಗಿಯುವ ವೇಳೆಗೆ ನನಗೆ ಅರವತ್ತು ಸಮೀಪಿಸಿರುತ್ತದೆ. ಅಪ್ಪನಿಗೆ ಎಷ್ಟಾಗಿರುತ್ತದೆಂಬ ಲೆಕ್ಕವನ್ನು ನಾನು ಮಾಡಿಲ್ಲ. ಫಲಕಗಳು ಎದ್ದ ದಿನ, ತೂಬಿನಿಂದ ಮೂಡಲಿಗೆ ಹೆಜ್ಜೆ ಎಣಿಸಿಕೊಂಡು ಹೋಗಲು ಈ ಕೈಫಿಯತ್ತು ಸಾಕು.