ಅಬ್ಬಾ ಅಂಗಡಿಯ ಲೆಕ್ಕ

ಟ್ಯಾಲಿ ಲೆಕ್ಕವಿದ್ದ ಡಿಸ್ಕ್ ಒಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಕಾಣಲೇ ಇಲ್ಲ. ಜಿಎಸ್‌ಟಿ 3ಬಿ ತುಂಬಲು 20ನೇ ತಾರೀಖು ಕಡೆಯ ದಿನ, ಅಂದು 18. "ಹಿಸಾಬ್ ಸಬ್ ಗಯಾ ಕ್ಯಾ?" ಎಂದು ಅಬ್ಬಾ ಕುಸಿದು ಕುಳಿತರು. ಬ್ಯಾಕಪ್ ಇರಲಿಲ್ಲ, ಅಕೌಂಟೆನ್ಸಿ ಓದುವ ಮಗ ಮನೆಯಲ್ಲಿದ್ದೂ!

ವಿಂಡೋಸ್ ಇರುವ ಡಿಸ್ಕಿನ ಕೇಬಲ್ ತೆಗೆದು ಇದಕ್ಕೆ ಹಾಕಿದೆ. ಬಯೋಸ್‌ನಲ್ಲಿ ಹೆಸರು ಬಂತು. ಡಿಸ್ಕ್ ಸರಿಯಿದೆ, ಮದರ್‌ಬೋರ್ಡಿನ ಉಳಿದ ಸಾಟಾ ಪೋರ್ಟ್‌ಗಳು ಸತ್ತಿವೆ. ಹೊಸ ಕಂಪ್ಯೂಟರ್ ಬೇಡ, ಒಂದು ಸಾಟಾ ಕಾರ್ಡ್ ಸಾಕು ಎಂದೆ. ಅಬ್ಬಾ ನಂಬಲಿಲ್ಲ, ಆದರೂ ದುಡ್ಡು ಕೊಟ್ಟರು.

ಕರೆಂಟ್ ವೈರ್ ಕಿತ್ತು, ಮೈಯ ಸ್ಥಿರ ವಿದ್ಯುತ್ ಇಳಿಯಲೆಂದು ಕ್ಯಾಬಿನೆಟ್ಟಿನ ಲೋಹ ಮುಟ್ಟಿದೆ. ಹಿಂಬದಿಯ ತಗಡು ತೆಗೆದು, ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕಾರ್ಡ್ ಇಟ್ಟು ಒತ್ತಿದರೆ ಕೂರದು. ಜೋರಾಗಿ ಒತ್ತಲು ಭಯ. ಎರಡೂ ತುದಿಗೆ ಸಮನಾಗಿ ಹೆಬ್ಬೆರಳು ಊರಿದಾಗ ಕೂತಿತು. ಸ್ಕ್ರೂ ಬಿಗಿದು, ಕೇಬಲ್ ಹಾಕಿ, ಆನ್ ಮಾಡಿದೆ.

ಡಿಸ್ಕ್ ಇಲ್ಲ!

ಅಬ್ಬಾ ಮಾತಾಡಲಿಲ್ಲ. ಆಫ್ ಮಾಡಿ ಮತ್ತೆ ನೋಡಿದೆ. ಕಾರ್ಡಿನಿಂದ ಹೋಗುವುದು ಡೇಟಾ ಮಾತ್ರ. ಡಿಸ್ಕಿಗೆ ಕರೆಂಟ್ ಎಸ್‌ಎಂಪಿಎಸ್‌ನಿಂದ ಬೇರೆಯೇ ಬರಬೇಕು, ಆ ಕೇಬಲನ್ನೇ ನಾನು ಮರೆತಿದ್ದೆ.

ಟ್ಯಾಲಿ ತೆರೆದುಕೊಂಡಿತು. ಅಬ್ಬಾ ಮೊದಲು ಕೇಳಿದ್ದು ಉದ್ರಿ ಪಟ್ಟಿ. ಪೆನ್‌ಡ್ರೈವ್‌ಗೆ ಬ್ಯಾಕಪ್ ಮುಗಿಯುವವರೆಗೆ ನಾನು ಅವರಿಗೆ ಮೌಸ್ ಕೊಡಲಿಲ್ಲ.