ಶರ್ಯತ್ತಿಗೊಂದು ಷರತ್ತು

ಗಡಿಯ ಊರುಗಳಲ್ಲಿ ಬೆಳೆದವರಿಗೆ ಒಂದು ಲಾಭವುಂಟು. ಒಂದೇ ಮಾತು ಎರಡು ಭಾಷೆಗಳಲ್ಲಿ ಎರಡು ವೇಷ ಹಾಕಿಕೊಂಡು ತಿರುಗಾಡುವುದನ್ನು ನಾವು ದಿನವೂ ನೋಡುತ್ತೇವೆ. ಕನ್ನಡದಲ್ಲಿ 'ಷರತ್ತು' ಎಂದರೆ ಕಟ್ಟಳೆ, ಕರಾರು. ಮರಾಠಿಯಲ್ಲಿ 'ಶರ್ಯತ್' ಎಂದರೆ ಓಟದ ಪಂದ್ಯ. ಎರಡೂ ಅರಬ್ಬಿಯ ಒಂದೇ ಮೂಲದಿಂದ ಬಂದವು. ನಮ್ಮ ಜತ್ತ ತಾಲೂಕಿನ ಕನ್ನಡಿಗರು ಎತ್ತಿನ ಗಾಡಿಯ ಓಟಕ್ಕೆ 'ಶರ್ಯತ್ತು' ಎಂದೇ ಹೇಳುತ್ತಾರೆ. ಪ್ರಾಥಮಿಕ ಶಾಲೆಯನ್ನು ಕನ್ನಡದಲ್ಲಿಯೂ ಮುಂದಿನ ಓದನ್ನು ಮರಾಠಿಯಲ್ಲಿಯೂ ಮುಗಿಸಿದ ನನಗೆ ಈ ಎರಡು ಮಾತುಗಳ ಸೋದರ ಸಂಬಂಧ ಬಹಳ ಅರ್ಥಪೂರ್ಣವೆನಿಸುತ್ತದೆ. ಕಟ್ಟಳೆಯಿಲ್ಲದ ಓಟವು ಓಟವಲ್ಲ. ಅದು ಬರೀ ಓಡಿಹೋಗುವುದು.

ಈ ವಿಚಾರ ನನ್ನ ತಲೆಯಲ್ಲಿ ಹೊಕ್ಕದ್ದು ನಮ್ಮ ಹತ್ತನೆಯ ತರಗತಿಯ ಹುಡುಗರಿಂದ. ಮಧ್ಯಾಹ್ನದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಅವರಲ್ಲಿ ಎರಡು ಪಕ್ಷಗಳಾಗಿ ವಾದ ನಡೆಯುತ್ತಿತ್ತು. ವಿಷಯ ಕ್ರಿಕೆಟ್ಟಿನದಲ್ಲ, ಮೋಟಾರುಸೈಕಲ್ ಓಟದ್ದು. 'ಮೋಟೋ ಜಿಪಿ' ಎಂಬ ಜಾಗತಿಕ ಪಂದ್ಯ 2023ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ಹತ್ತಿರದ ಗ್ರೇಟರ್ ನೋಯ್ಡಾದಲ್ಲಿ ನಡೆಯಿತು. ಭಾರತದಲ್ಲಿ ಅದು ನಡೆದದ್ದು ಅದೇ ಮೊದಲು. ಅಂದಿನಿಂದ ನಮ್ಮ ಹುಡುಗರಿಗೆ ಅದರ ಸವಾರರ ಹೆಸರುಗಳು ತಮ್ಮ ಸೋದರಮಾವಂದಿರ ಹೆಸರುಗಳಷ್ಟೇ ಪರಿಚಿತ. ಆ ಪಂದ್ಯದ ದೊಡ್ಡ ವರ್ಗದಲ್ಲಿ 1000 ಸಿ.ಸಿ. ಇದ್ದ ಎಂಜಿನ್ನನ್ನು 2027ರ ಋತುವಿನಿಂದ 850 ಸಿ.ಸಿ.ಗೆ ಇಳಿಸುವುದಾಗಿ 2024ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಇದೇ ಜಗಳದ ಬೀಜ.

"ಸರ್, ಹುಲಿ ಉಗುರು ಕತ್ತರಿಸಿ ಅಡವ್ಯಾಗ ಬಿಟ್ಟಂಗ ಆತರಿ ಇದು" ಎಂದ ಒಬ್ಬ. "ಮಂದಿ ಸತ್ತ ಮ್ಯಾಲ ಯಾರ ಹುಲಿ, ಯಾರ ಉಗುರ?" ಎಂದ ಇನ್ನೊಬ್ಬ. ಇಬ್ಬರ ಮಾತೂ ನನಗೆ ಹಿಡಿಸಿತು. ಶನಿವಾರದ ಚರ್ಚಾಕೂಟಕ್ಕೆ ಇದನ್ನೇ ವಿಷಯವಾಗಿ ಇಟ್ಟೆ. ಅವರಿಗೆ ತೀರ್ಪು ಕೊಡಬೇಕಾದವನು ತಾನೂ ಓದಿಕೊಳ್ಳಬೇಕಲ್ಲವೇ? ಹಾಗೆ ಓದಿ ತಿಳಿದುದನ್ನು, ಅದರಿಂದ ಮನಸ್ಸಿನಲ್ಲಿ ಎದ್ದುದನ್ನು ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದೆ ಇಡುತ್ತಿದ್ದೇನೆ.

ಮೊದಲು ಸಿ.ಸಿ. ಎಂದರೇನು ಎಂಬುದನ್ನು ನೋಡೋಣ. ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಅದು ಕ್ರಮಿಸುವ ಜಾಗದ ಅಳತೆಯೇ ಸಿ.ಸಿ. ಒಂದು ಲೀಟರಿಗೆ 1000 ಸಿ.ಸಿ. ನಿಮ್ಮ ತಂದೆಯವರ ನೂರು ಸಿ.ಸಿ. ಗಾಡಿಯಲ್ಲಿ ಅದು ಹೋಟೆಲಿನ ಒಂದು ಚಹಾದ ಗ್ಲಾಸಿನಷ್ಟು. ಜಾಗ ಹೆಚ್ಚಾದಷ್ಟೂ ಒಳಗೆ ಉರಿಯುವ ಇಂಧನ ಹೆಚ್ಚು, ಶಕ್ತಿ ಹೆಚ್ಚು. ಆದುದರಿಂದ ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಹಚ್ಚುವಂತೆ ಈ ಓಟದಲ್ಲಿ ಸಿ.ಸಿ. ನೋಡಿ ವರ್ಗ ಮಾಡುತ್ತಾರೆ. 1949ರಲ್ಲಿ ಜಾಗತಿಕ ಚಾಂಪಿಯನ್‌ಷಿಪ್ ಆರಂಭವಾದಾಗ 125, 250, 350 ಮತ್ತು 500 ಸಿ.ಸಿ. ಎಂಬ ವರ್ಗಗಳಿದ್ದವು, ಪಕ್ಕದಲ್ಲಿ ತೊಟ್ಟಿಲು ಕಟ್ಟಿದ ಸೈಡ್‌ಕಾರಿನದು ಬೇರೆ. 1962ರಲ್ಲಿ 50 ಸಿ.ಸಿ.ಯ ಪುಟ್ಟ ಗಾಡಿಗಳೂ ಸೇರಿಕೊಂಡವು.

ವರ್ಗ ಮಾಡಿದ ಕೂಡಲೇ ಜಾಣರು ಬೇಲಿಯ ಸಂದಿ ಹುಡುಕತೊಡಗಿದರು. ಜಪಾನಿನ ಹೋಂಡಾ ಕಂಪನಿಯು 1960ರ ದಶಕದಲ್ಲಿ 250 ಸಿ.ಸಿ.ಯನ್ನು ಆರು ಸಿಲಿಂಡರುಗಳಾಗಿ ಒಡೆಯಿತು, 125 ಸಿ.ಸಿ.ಯನ್ನು ಐದಾಗಿ ಹಂಚಿತು. ಸುಜುಕಿಯವರ 50 ಸಿ.ಸಿ. ಗಾಡಿಗೆ ಹದಿನಾಲ್ಕು ಗೇರು! ಅಳತೆ ಅಷ್ಟೇ, ಆದರೆ ಖರ್ಚು ಮುಗಿಲಿಗೆ. ಸಣ್ಣ ತಯಾರಕರು ಸ್ಪರ್ಧಿಸಲಾರದೆ ಹೋದರು. ಆಗ ಅಂತರರಾಷ್ಟ್ರೀಯ ಒಕ್ಕೂಟವು 50 ಸಿ.ಸಿ.ಗೆ ಒಂದೇ ಸಿಲಿಂಡರು, 125 ಮತ್ತು 250ಕ್ಕೆ ಎರಡು, ಗೇರು ಆರಕ್ಕಿಂತ ಹೆಚ್ಚಿರಬಾರದು ಎಂದು ಕಟ್ಟಳೆ ತಂದಿತು. ಹೋಂಡಾ 1967ರ ನಂತರ ಕಣದಿಂದಲೇ ಹೊರಗೆ ಹೋಯಿತು. ಅಭಿಮಾನಿಗಳು ಆಗಲೂ ಎರಡಾದರು. "ಬುದ್ಧಿವಂತಿಕೆಗೆ ಬೀಗ ಹಾಕಿದರು" ಎಂದು ಕೆಲವರು; "ಬಡವನಿಗೂ ಬಾಗಿಲು ತೆರೆಯಿತು" ಎಂದು ಕೆಲವರು.

ಅಲ್ಲಿಂದ ಇಲ್ಲಿಯವರೆಗೆ ಇದೇ ಕಥೆ. 350 ಸಿ.ಸಿ. ವರ್ಗ 1982ಕ್ಕೆ ಮುಗಿಯಿತು. 2002ರಲ್ಲಿ 500 ಸಿ.ಸಿ.ಯ ಟೂ ಸ್ಟ್ರೋಕ್ ಗಾಡಿಗಳ ಎದುರು 990 ಸಿ.ಸಿ.ಯ ಫೋರ್ ಸ್ಟ್ರೋಕ್ ಗಾಡಿಗಳನ್ನು ಬಿಟ್ಟರು; ಹಳೆಯವು ಬಹುಬೇಗ ಮೂಲೆಗೆ ಸೇರಿದವು. ಇದರ ದುಃಖ ನಮ್ಮ ಪಾಲಕರಿಗೆ ಸುಲಭವಾಗಿ ತಿಳಿಯುತ್ತದೆ. ಮೈಸೂರಿನ ಕಾರಖಾನೆಯಿಂದ ಬಂದ ಜಾವಾ, ಯೆಜ್ಡಿ ಗಾಡಿಗಳ ಸಪ್ಪಳವನ್ನೂ, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರ ಸಪ್ಪಳವನ್ನೂ ಕಣ್ಣು ಮುಚ್ಚಿ ಗುರುತಿಸಬಲ್ಲ ತಂದೆಯಂದಿರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವೆಲ್ಲ ಟೂ ಸ್ಟ್ರೋಕ್ ಗಾಡಿಗಳೇ. ಆ ಹೊಗೆಯ ವಾಸನೆಯಲ್ಲಿ ಅವರ ಯೌವನವಿದೆ.

2007ರಲ್ಲಿ ವೇಗ ತಗ್ಗಿಸಲೆಂದು 990ನ್ನು 800ಕ್ಕೆ ಇಳಿಸಿದರು. ಆದರೆ ಹೊಸ ಗಾಡಿಗಳು ತಿರುವುಗಳಲ್ಲಿ ಮೊದಲಿಗಿಂತ ಜೋರಾಗಿ ಹೋದವು. ಸುತ್ತಿನ ಸಮಯ ಕಡಿಮೆಯೇ ಆಯಿತು. 2012ರಲ್ಲಿ ಮತ್ತೆ 1000ಕ್ಕೆ ಏರಿಸಿದರು. 2023ರಲ್ಲಿ ಇಟಲಿಯ ಮುಜೆಲ್ಲೊ ಪಥದಲ್ಲಿ ಒಂದು ಗಾಡಿ ಗಂಟೆಗೆ 366 ಕಿಲೋಮೀಟರು ಮುಟ್ಟಿತು. ಈಗ 850ರ ಕಟ್ಟಳೆ. ಜೊತೆಗೆ ಓಡುವಾಗ ಗಾಡಿಯ ಎತ್ತರ ತಗ್ಗಿಸುವ ಉಪಕರಣಗಳಿಗೂ ನಿಷೇಧ. ಇಂಧನ ನೆಲದಡಿಯ ಎಣ್ಣೆಯಿಂದ ಬಂದುದಾಗಿರಬಾರದು.

ಚರ್ಚಾಕೂಟದ ದಿನ ಹುಡುಗರು ಇದನ್ನೆಲ್ಲ ಬಾಯಿಪಾಠವಾಗಿ ಒಪ್ಪಿಸಿದರು. ವ್ಯಾಕರಣದ ಸೂತ್ರಗಳು ಮಾತ್ರ ಅವರಿಗೆ ಯಾಕೆ ನೆನಪಿನಲ್ಲಿ ಉಳಿಯುವುದಿಲ್ಲವೋ! ಅವರ ವಾದ ಕೇಳುತ್ತ ನನಗೊಂದು ವಿಷಯ ಹೊಳೆಯಿತು. ಓಟದ ಕಟ್ಟಳೆಗಳು ಮೂರು ಬಗೆಯವು. ಸರಿಸಮರು ಓಡಲಿ ಎಂಬ ಕಟ್ಟಳೆ ಒಂದು. ಹಣವಿದ್ದವನೇ ಗೆಲ್ಲದಿರಲಿ ಎಂಬುದು ಎರಡನೆಯದು. ಓಡುವ ಜೀವ ಉಳಿಯಲಿ ಎಂಬುದು ಮೂರನೆಯದು. ಮೊದಲ ಎರಡರ ಬಗ್ಗೆ ಎಷ್ಟು ಬೇಕಾದರೂ ವಾದಿಸಬಹುದು. ಇಂದು ಸೋತ ಪಕ್ಷ ನಾಳೆ ಗೆಲ್ಲಬಹುದು. ಮೂರನೆಯದು ಹಾಗಲ್ಲ. ಅಲ್ಲಿ ಸೋತವನು ಮರಳಿ ವಾದಕ್ಕೆ ಬರುವುದಿಲ್ಲ.

ಈ ಮೂರನೆಯ ಕಟ್ಟಳೆಯ ಪಾಠ ನಮ್ಮ ಮನೆಯ ದನದ ಕೊಟ್ಟಿಗೆಯಲ್ಲಿಯೇ ಇದೆ. ನಮ್ಮದು ಖಿಲಾರಿ ದನಗಳ ಸೀಮೆ. ಜತ್ತದ ಯಲ್ಲಮ್ಮನ ಜಾತ್ರೆಯಲ್ಲಿ ಹೋರಿ ಕೊಳ್ಳುವವನು ಮೊದಲು ಮಾಡುವ ಕೆಲಸವೇನು? ಬಾಯಿ ತೆರೆದು ಹಲ್ಲು ನೋಡುವುದು. ಹಾಲುಹಲ್ಲಿದೆಯೋ, ಎರಡು ಹಲ್ಲಾಗಿದೆಯೋ, ನಾಲ್ಕೋ, ಬಾಯಿ ಕೂಡಿದೆಯೋ ಎಂದು ಎಣಿಸುವುದು. ಶರ್ಯತ್ತಿನಲ್ಲಿಯೂ ಅದರಂತೆಯೇ ವರ್ಗಗಳುಂಟು. ಮರಾಠಿಯಲ್ಲಿ 'ಆದತ್', 'ದುಸಾ', 'ಚೌಸಾ' ಎನ್ನುತ್ತಾರೆ. ಹಾಲುಹಲ್ಲಿನ ಹೋರಿಯನ್ನು ಬಾಯಿ ಕೂಡಿದ ಎತ್ತಿನ ಎದುರು ಓಡಿಸಲು ತಿಳಿದ ರೈತ ಒಪ್ಪುವುದಿಲ್ಲ. "ಎಳೇ ಹೋರಿ, ಎದಿ ಒಡದೀತು" ಎನ್ನುತ್ತಾನೆ. ಸಿ.ಸಿ. ಎಂಬ ಮಾತು ಹುಟ್ಟುವ ಮೊದಲೇ ನಮ್ಮ ಹಿರಿಯರಿಗೆ ವರ್ಗ ಮಾಡುವುದು ಗೊತ್ತಿತ್ತು.

ಶರ್ಯತ್ತಿನ ಕಟ್ಟಳೆಯೂ ಸುಮ್ಮನೆ ಬಂದುದಲ್ಲ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿಯ ಓಟಗಳನ್ನು ನಿಲ್ಲಿಸಿತು. 2017ರಲ್ಲಿ ಮಹಾರಾಷ್ಟ್ರ ಸರಕಾರ ಕಾಯಿದೆಗೆ ತಿದ್ದುಪಡಿ ತಂದಿತಾದರೂ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಅದಕ್ಕೆ ತಡೆ ಬಂತು. 2021ರ ಡಿಸೆಂಬರ್ 16ರಂದು ಸರ್ವೋಚ್ಚ ನ್ಯಾಯಾಲಯ ಷರತ್ತುಗಳೊಡನೆ ಅನುಮತಿ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠವು ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ಕಾಯಿದೆಗಳನ್ನು ಎತ್ತಿಹಿಡಿಯಿತು. ಈಗ ಜಿಲ್ಲಾಧಿಕಾರಿಗಳ ಅಪ್ಪಣೆ ಬೇಕು, ಪಶುವೈದ್ಯರ ತಪಾಸಣೆ ಬೇಕು, ಬಾರುಕೋಲು ಬೀಸಕೂಡದು. ಆ ಏಳು ವರ್ಷ ನಮ್ಮ ಕಟ್ಟೆಗಳ ಮೇಲೆ ನಡೆದ ವಾದವನ್ನು ನಾನು ಕೇಳಿದ್ದೇನೆ. "ಓಟ ನಿಂತರ ಖಿಲಾರಿ ತಳಿನ ನಿಂತ್ಹೋಗ್ತದ" ಎನ್ನುವವರಿದ್ದರು. "ಎತ್ತಿಗೆ ಬಾಯಿಲ್ಲ, ಅದು ಒಲ್ಲೆ ಅನ್ನಾಕ ಬರೂದಿಲ್ಲ" ಎನ್ನುವವರೂ ಇದ್ದರು. ಕೊನೆಗೆ ಓಟವೂ ಉಳಿಯಿತು, ಎತ್ತಿನ ಬೆನ್ನೂ ಉಳಿಯುವ ದಾರಿಯಾಯಿತು. ಒಲ್ಲೆ ಎನ್ನಲಾರದವರ ಪರವಾಗಿ ಒಲ್ಲೆ ಎನ್ನುವುದಕ್ಕಾಗಿಯೇ ಮೂರನೆಯ ಬಗೆಯ ಕಟ್ಟಳೆ ಇರುವುದು.

ಒಲ್ಲೆ ಎನ್ನಲಾರದವರು ಎತ್ತುಗಳಷ್ಟೇ ಅಲ್ಲ, ಮಕ್ಕಳೂ ಹೌದು. ಮಕ್ಕಳಿಗೆ ಬಾಯಿದೆ, ಆದರೆ ಅಪಾಯದ ಅಳತೆ ತಿಳಿಯದು. 2021ರ ಒಂದೇ ವರ್ಷದಲ್ಲಿ ಯುರೋಪಿನ ಓಟದ ಪಥಗಳಲ್ಲಿ 19, 15 ಮತ್ತು 14 ವಯಸ್ಸಿನ ಮೂವರು ಸವಾರರು ತೀರಿಕೊಂಡರು. ಆಗ ಒಕ್ಕೂಟವು ಜಾಗತಿಕ ಪಂದ್ಯಕ್ಕೆ ಇಳಿಯುವ ವಯಸ್ಸನ್ನು 2023ರಿಂದ 16ರ ಬದಲು 18ಕ್ಕೆ ಏರಿಸಿತು. ಕಿರಿಯರ ಪಂದ್ಯಗಳಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಸ್ವಲ್ಪ ಸಡಿಲಿಕೆ. ಅಭಿಮಾನಿಗಳು ಮತ್ತೆ ಎರಡಾದರು. ಸ್ಪೇನಿನ ಮಾರ್ಕ್ ಮಾರ್ಕೆಸ್ 2008ರಲ್ಲಿ ಮೊದಲ ಸಲ ಕಣಕ್ಕಿಳಿದಾಗ ಅವನಿಗೆ ಹದಿನೈದೇ ವರ್ಷ. "ಈ ಕಟ್ಟಳೆ ಅಂದೇ ಇದ್ದಿದ್ದರೆ ಅಂಥ ಸವಾರ ಮೂರು ವರ್ಷ ಕಾಯಬೇಕಾಗುತ್ತಿತ್ತಲ್ಲ" ಎಂಬುದು ಒಂದು ಪಕ್ಷ. ಕಾಯಬೇಕಾಗುತ್ತಿತ್ತು, ನಿಜ. ಆದರೆ ಕಾಯ್ದವನು ನಾಳೆ ಓಡಬಹುದು.

ಇದು ದೂರದ ದೇಶದ ಮಾತೆಂದು ತಿಳಿಯಬೇಡಿರಿ. 2023ರ ಆಗಸ್ಟ್ 5ರಂದು ಮದ್ರಾಸಿನ ಪಥದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದಾಗ ನಮ್ಮ ಬೆಂಗಳೂರಿನ ಹುಡುಗನೊಬ್ಬ ಬಿದ್ದು ಪ್ರಾಣ ಬಿಟ್ಟ. ಅವನಿಗೆ 13 ವರ್ಷ, ಶಾಲೆಯ ಹುಡುಗ. ಅವನಿಗೆ ತರಬೇತಿಯಿತ್ತು, ಶಿರಸ್ತ್ರಾಣವಿತ್ತು, ಪಥದ ಬದಿಯಲ್ಲಿ ವೈದ್ಯರಿದ್ದರು. ಇಷ್ಟೆಲ್ಲ ಇದ್ದೂ ಹೀಗಾಯಿತು. ಚರ್ಚಾಕೂಟದಲ್ಲಿ ಇದನ್ನು ನಾನು ಹೇಳಿದಾಗ ಸಭೆ ಸುಮ್ಮನಾಯಿತು. ಅಷ್ಟು ಹೊತ್ತು ಬೆಂಚು ಕುಟ್ಟಿದ ಹುಡುಗರು ನೆಲ ನೋಡಿದರು.

ಈಗ ನಮ್ಮ ರಸ್ತೆಗೆ ಬರೋಣ. ಶಾಲೆಯ ಹಿಂದಿನ ಗೋಡೆಯ ಆಚೆ ದಿನವೂ ಎಷ್ಟು ಮೋಟಾರುಸೈಕಲ್ಲುಗಳು ನಿಲ್ಲುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಒಂದರ ಮೇಲೆ ಮೂವರು ಬರುತ್ತಾರೆ. ನಡೆಸುವವನಿಗೆ ಹದಿನೈದು, ಹಿಂದೆ ಕುಳಿತ ತಂಗಿಗೆ ಹನ್ನೆರಡು. ಅಲ್ಲಿ ತರಬೇತಿಯಿಲ್ಲ, ಶಿರಸ್ತ್ರಾಣವಿಲ್ಲ, ವೈದ್ಯರೂ ಇಲ್ಲ. ಎದುರಿಗೆ ಕಬ್ಬಿನ ಟ್ರ್ಯಾಕ್ಟರಿದೆ. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಗೆಳೆಯನೊಡನೆ ಪಂಥ ಕಟ್ಟಿ ತಂದೆಯ ಗಾಡಿ ಓಡಿಸಿ ಬಿದ್ದ. ಬಲಗೈ ಮುರಿಯಿತು. ಅಕ್ಷರ ಮುತ್ತಿನಂತೆ ಬರೆಯುತ್ತಿದ್ದವನು ಹತ್ತನೆಯ ಪರೀಕ್ಷೆಯನ್ನು ಬೇರೊಬ್ಬ ಹುಡುಗನ ಕೈಯಿಂದ ಬರೆಯಿಸಿದ. ಅವನು ಉತ್ತರ ಹೇಳುತ್ತಿದ್ದ, ಇವನು ಬರೆಯುತ್ತಿದ್ದ. ಕಾಗುಣಿತ ತಪ್ಪಾದಾಗ ಅವನ ಎಡಗೈಯ ಬೆರಳುಗಳು ಮೇಜಿನ ಮೇಲೆ ಚಡಪಡಿಸುತ್ತಿದ್ದವು.

ಪಾಲಕರಿಗೆ ಹೇಳಿದರೆ ಅವರ ಕಡೆಯ ಮಾತೂ ಇದೆ. "ಗುರುಗಳ, ನಮ್ಮೂರಿಗೆ ಎಸ್‌ಟಿ ಹೊತ್ತಿಗೆ ಬರೂದಿಲ್ಲ. ಆರು ಕಿಲೋಮೀಟರ ಹುಡುಗ ಹ್ಯಾಂಗ ಬರಬೇಕು?" ಎಂದು ಒಬ್ಬರು ಕೇಳಿದರು. ಈ ಪ್ರಶ್ನೆಯನ್ನು ನಾನು ಹಗುರಾಗಿ ಕಾಣಲಾರೆ. ಎಸ್‌ಟಿಗಾಗಿ ಊರವರು ಕೂಡಿ ಅರ್ಜಿ ಕೊಡೋಣ. ಬರೆಯುವ ಕೆಲಸ ನನ್ನದು. ಸೈಕಲ್ಲಿದೆ, ಆರು ಕಿಲೋಮೀಟರು ಸೈಕಲ್ಲಿಗೆ ದೊಡ್ಡ ದಾರಿಯಲ್ಲ. ಹೊಲಕ್ಕೆ ಹೋಗುವ ಹಿರಿಯರೊಬ್ಬರು ಸರದಿಯಂತೆ ಮಕ್ಕಳನ್ನು ಬಿಟ್ಟು ಹೋಗಬಹುದು. ಆದರೆ ಗಾಡಿಯ ಕೀಲಿಯನ್ನು ಹುಡುಗನ ಕೈಗೆ ಕೊಡುವುದು ಇದಕ್ಕೆ ಉತ್ತರವಲ್ಲ. ಕಾಯಿದೆಯೂ ಇಲ್ಲಿ ವರ್ಗ ಮಾಡಿದೆ: 50 ಸಿ.ಸಿ. ಮೀರದ ಗಾಡಿಗೆ 16 ವರ್ಷ, ಉಳಿದುದಕ್ಕೆ 18. 2019ರ ತಿದ್ದುಪಡಿಯ ನಂತರ ಹದಿನೆಂಟಾಗದ ಹುಡುಗ ಗಾಡಿ ನಡೆಸಿ ಅಪರಾಧವಾದರೆ ಪಾಲಕರಿಗೆ ಅಥವಾ ಗಾಡಿಯ ಮಾಲಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ; ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಸಿಗದು. ದಂಡದ ಭಯಕ್ಕಿಂತ ದೊಡ್ಡ ಭಯ ತಂದೆತಾಯಿಗಳಿಗೆ ಬೇರೆ ಇದೆಯೆಂದು ನನಗೆ ಗೊತ್ತು.

ವಿದ್ಯಾರ್ಥಿ ಮಿತ್ರರೇ, 850 ಒಳ್ಳೆಯದೋ 1000 ಒಳ್ಳೆಯದೋ, ವಾದ ಮಾಡಿರಿ. ಟೂ ಸ್ಟ್ರೋಕಿಗಾಗಿ ಕಣ್ಣೀರು ಹಾಕುವ ಹಿರಿಯರೊಡನೆಯೂ ವಾದ ಮಾಡಿರಿ. ಅಂಕಿ ಸಂಖ್ಯೆ ಕೂಡಿಸಿ, ಎದುರಾಳಿಯ ಮಾತು ಪೂರ್ತಿ ಕೇಳಿ ವಾದಿಸುವುದೂ ಒಂದು ವಿದ್ಯೆ. ನಿಮ್ಮಲ್ಲಿ ಯಾರಾದರೂ ನಾಳೆ ನಿಜವಾದ ಪಥದಲ್ಲಿ ಓಡಿದರೆ ಮೊದಲು ಚಪ್ಪಾಳೆ ಹೊಡೆಯುವವನು ನಾನು. ವಯಸ್ಸು ತುಂಬಲಿ, ಕಲಿಸುವವರು ಸಿಗಲಿ, ತಲೆಗೆ ಶಿರಸ್ತ್ರಾಣವಿರಲಿ.

ಪಾಲಕ ಬಂಧುಗಳೇ, ನಿಮಗೊಂದೇ ಮಾತು. ಜಾತ್ರೆಯಲ್ಲಿ ಹೋರಿಯ ಬಾಯಿ ತೆರೆದು ಹಲ್ಲು ಎಣಿಸದೆ ನೀವು ಅದನ್ನು ನೊಗಕ್ಕೂ ಕಟ್ಟುವುದಿಲ್ಲ, ಓಟಕ್ಕೂ ಬಿಡುವುದಿಲ್ಲ. ಗಾಡಿಯ ಕೀಲಿಗಾಗಿ ಮಗ ಕೈ ಚಾಚಿದಾಗ ಅವನ ವರ್ಷಗಳನ್ನೂ ಅಷ್ಟೇ ಎಚ್ಚರದಿಂದ ಎಣಿಸಿರಿ.