ಕೊಳವೆಗೊಂದು ತೂತು

ಆ ರಾತ್ರಿ ತಿಕೋಟಾದಲ್ಲಿ ಕರೆಂಟು ಹೋದದ್ದು ಹನ್ನೊಂದರ ಸುಮಾರಿಗೆ. ಅದು ನಮಗೆ ಹೊಸದಲ್ಲ. ಮಗ್ಗುಲು ಬದಲಿಸಿ ಮಲಗಿದೆ. ಬೆಳಗ್ಗೆ ಅವ್ವ ಕೂಗಿದಾಗ ಓಡಿಹೋಗಿ ನೋಡಿದರೆ ಹಿಂದಿನ ಖೋಲಿಯ ನೆಲದ ತುಂಬ ನೀರು. ಗೋಡೆಗೆ ಒಟ್ಟಿದ್ದ ಒಣದ್ರಾಕ್ಷಿ ಬಾಕ್ಸುಗಳಲ್ಲಿ ಕೆಳಗಿನ ಸಾಲು ತೊಯ್ದು ಮೆತ್ತಗಾಗಿತ್ತು. ಎಂಟು ಗಾಜಿನ ತೊಟ್ಟಿಗಳಲ್ಲಿ ನನ್ನ ಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಈಜುತ್ತಿದ್ದವು.

ಅಪ್ಪ ಬಂದು ಬಾಗಿಲಲ್ಲಿ ನಿಂತ. ಬಯ್ಯಲಿಲ್ಲ. “ಎಷ್ಟ ಕೊಡ ಹೋತ, ತಂಗಿ?” ಎಂದ, ಅಷ್ಟೇ. ದ್ರಾಕ್ಷಿಯ ಲೆಕ್ಕ ಕೇಳಲಿಲ್ಲ, ನೀರಿನದು ಕೇಳಿದ. ಆ ಬೇಸಿಗೆ ತೋಟದ ಬೋರು ಬತ್ತಿ, ದ್ರಾಕ್ಷಿ ಪಡಕ್ಕೆ ದುಡ್ಡು ಕೊಟ್ಟು ಟ್ಯಾಂಕರ್ ತರಿಸುತ್ತಿದ್ದೆವು.

ನನ್ನ ಸಂಶೋಧನೆಗೂ ಮೀನಿಗೂ ಸಂಬಂಧವಿಲ್ಲ. ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ, ಅದೇ ಊರಿನ ಹೆಸರು ಹೊತ್ತ ‘ತೊರವೆ ರಾಮಾಯಣ’ದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಅಧ್ಯಾಯ ಮುಂದೆ ಸಾಗದ ದಿನಗಳಲ್ಲಿ ಒಂದು ತೊಟ್ಟಿ ತಂದೆ. ಒಂದು ಎಂಟಾಯಿತು.

ಮೊದಲು ತಂದದ್ದು ನಿಯಾನ್ ಟೆಟ್ರಾ. ವಾರದಲ್ಲಿ ಒಂದೊಂದಾಗಿ ಸತ್ತವು. ಅವುಗಳ ಮೂಲ ಅಮೆಜಾನ್ ಸೀಮೆಯ ಮೆದು ನೀರು. ನಮ್ಮ ಮನೆಯ ಬೋರಿನದು ಪಾತ್ರೆಗೆ ಬಿಳಿ ಪೊರೆ ಕಟ್ಟಿಸುವ ಗಡಸು ನೀರು. ಆರ್‌ಓ ಯಂತ್ರ ಹಾಕಿದರೆ ನೀರು ಮೆದುವಾಗುತ್ತದೆ ನಿಜ, ಆದರೆ ಒಂದು ಕೊಡ ಸಿಗಬೇಕಾದರೆ ಅದಕ್ಕಿಂತ ಹೆಚ್ಚು ಚರಂಡಿಗೆ ಹೋಗುತ್ತದೆ. ಟ್ಯಾಂಕರ್ ಕಾಯುವ ಮನೆಯಲ್ಲಿ ಆ ಮಾತು ಎತ್ತಲೂ ನಾಚಿಕೆಯಾಯಿತು. ಗಡಸು ನೀರಿಗೆ ಒಗ್ಗುವ ಮೊಲ್ಲಿ, ಗಪ್ಪಿಗಳನ್ನು ತಂದೆ. ಅವು ಉಳಿದವು, ಮರಿ ಹಾಕಿದವು.

ಎಂಟು ತೊಟ್ಟಿಗೆ ಕೊಡದಿಂದ ನೀರು ಹೊತ್ತು ಸೊಂಟ ಬಿದ್ದಮೇಲೆ ಒಂದು ವ್ಯವಸ್ಥೆ ಮಾಡಿದೆ. ಕೆಳಗೆ ನೂರು ಲೀಟರಿನ ಡ್ರಮ್ಮು, ಅದರಲ್ಲೊಂದು ಪಂಪು. ಅಪ್ಪನ ಡ್ರಿಪ್ ಸಾಮಾನಿನಲ್ಲಿ ಉಳಿದಿದ್ದ ಪೈಪು, ವಾಲ್ವುಗಳಿಂದ ಪ್ರತಿ ತೊಟ್ಟಿಗೂ ನೀರು ಏರುತ್ತದೆ. ಹೆಚ್ಚಾದದ್ದು ಇನ್ನೊಂದು ಪೈಪಿನಿಂದ ಡ್ರಮ್ಮಿಗೇ ಇಳಿಯುತ್ತದೆ. ಡ್ರಮ್ಮಿನಲ್ಲಿ ಹಂಚಿನ ಚೂರು, ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಜುಂಗು. ಅವುಗಳ ಮೈಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲೆರಡು ಮೀನಿಗೆ ವಿಷ, ಕೊನೆಯದು ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾ ನೆಲೆಯೂರಲು ತಿಂಗಳೊಪ್ಪತ್ತು ಬೇಕು. ಅಷ್ಟೆಲ್ಲ ಕಾದಿದ್ದೆ. ಪಂಪು ನಿಂತರೆ ಏನಾಗುತ್ತದೆಂದು ಮಾತ್ರ ಯೋಚಿಸಿರಲಿಲ್ಲ.

ನೆಲ ಒರೆಸಿದ ಮೇಲೆ ಲೆಕ್ಕ ಹಾಕಿದೆ. ಸುರಿಯುವ ಸದ್ದು ಬೇಡವೆಂದು ಏರುವ ಪೈಪಿನ ಬಾಯಿಗಳನ್ನು ನೀರಿನೊಳಗೆ ಮೂರು ಇಂಚು ಇಳಿಸಿದ್ದೆ. ಪಂಪು ನಿಂತ ಕೂಡಲೇ ಅದೇ ಪೈಪು ತೊಟ್ಟಿಯ ನೀರನ್ನು ಹಿಂದಕ್ಕೆ ಎಳೆಯತೊಡಗಿತ್ತು. ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿಯಲ್ಲಿ ಒಂದು ಇಂಚು ನೀರೆಂದರೆ ಸುಮಾರು 4.7 ಲೀಟರ್. ಮೂರು ಇಂಚು, ಎಂಟು ತೊಟ್ಟಿ: 113 ಲೀಟರ್. ಡ್ರಮ್ಮಿನಲ್ಲಿ ಖಾಲಿ ಇದ್ದದ್ದು 20 ಲೀಟರಿನ ಜಾಗ. ಉಳಿದದ್ದು ನೆಲಕ್ಕೆ. ಅಪ್ಪನಿಗೆ ಹೋಗಿ ಹೇಳಿದೆ: “ಆರು ಕೊಡ.” ಆತ ತಲೆಯಾಡಿಸಿ ಟ್ಯಾಂಕರಿನವನಿಗೆ ಫೋನು ಹಚ್ಚಿದ.

ಆ ವಾರ ತೊರವಿಯಲ್ಲಿ ಬಸ್ಸಿಳಿದಾಗ, ನಿತ್ಯ ದಾಟುವ ನೆಲವೇ ಬೇರೆ ಕಂಡಿತು. ಆದಿಲ್‌ಶಾಹಿಗಳ ಕಾಲದಲ್ಲಿ ಬಿಜಾಪುರ ನಗರಕ್ಕೆ ನೀರು ಹೋಗುತ್ತಿದ್ದ ದಾರಿಗಳಲ್ಲಿ ತೊರವಿಯದೂ ಒಂದು. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬದಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳಿದ್ದವು. ಕೆಲವು ಇನ್ನೂ ನಗರದಲ್ಲಿ ನಿಂತಿವೆ. ಚಿಕ್ಕವಳಿದ್ದಾಗ ಅವನ್ನು ಕಾವಲು ಗೋಪುರ ಅಂದುಕೊಂಡಿದ್ದೆ. ಇಳಿಜಾರಿನಲ್ಲಿ ಬರುವ ನೀರಿನ ಒತ್ತಡ ಹೆಚ್ಚಿದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಗಂಜಿನಲ್ಲಿ ನೀರು ಮೇಲೇರಿ, ಗಾಳಿಗೆ ತೆರೆದುಕೊಂಡು, ಒತ್ತಡ ಕಳೆದುಕೊಂಡು, ಕೆಸರನ್ನು ತಳಕ್ಕೆ ಬಿಟ್ಟು ಮುಂದೆ ಹೋಗುತ್ತಿತ್ತು. ನೀರು ತರುವುದಷ್ಟೇ ಅಲ್ಲ, ಅದು ಕೈಮೀರಿದಾಗ ಏನು ಮಾಡೀತೆಂಬುದನ್ನೂ ಅವರು ಯೋಚಿಸಿದ್ದರು. ನಾನು ತರುವುದರಲ್ಲೇ ಬಿದ್ದಿದ್ದೆ.

ನನ್ನ ತಪ್ಪಿಗೆ ಗೋಪುರ ಬೇಕಿರಲಿಲ್ಲ, ಒಂದು ತೂತು ಸಾಕಿತ್ತು. ಪ್ರತಿ ಪೈಪಿಗೂ ನೀರಿನ ಮಟ್ಟದಿಂದ ಅರ್ಧ ಇಂಚು ಕೆಳಗೆ ಸಣ್ಣ ತೂತು ಕೊರೆದೆ. ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ಒಳಹೊಕ್ಕು ಎಳೆತ ಮುರಿಯುತ್ತದೆ. ಎಂಟು ತೊಟ್ಟಿಗೆ 19 ಲೀಟರಷ್ಟೇ ಹಿಂದೆ ಬರುತ್ತದೆ. ಡ್ರಮ್ಮನ್ನೂ ಅರವತ್ತಕ್ಕಿಂತ ಮೇಲೆ ತುಂಬಿಸುವುದಿಲ್ಲ. ತೂತಿನಲ್ಲಿ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಸೂಜಿಯಿಂದ ಬಿಡಿಸಬೇಕು.

ಅಷ್ಟರಿಂದ ಎಲ್ಲ ಸರಿಹೋಯಿತೆಂದು ಹೇಳಲಾರೆ. ಎಂಟು ತೊಟ್ಟಿಗೆ ವಾರಕ್ಕೆ ಐದರಲ್ಲಿ ಒಂದು ಪಾಲು ನೀರು ಬದಲಿಸಲೇಬೇಕಿತ್ತು. ಅಪ್ಪ ಬೇಡವೆಂದು ಒಮ್ಮೆಯೂ ಹೇಳಲಿಲ್ಲ. ಅದೇ ನನ್ನನ್ನು ಚುಚ್ಚಿತು. ನಾಲ್ಕು ತೊಟ್ಟಿ ಖಾಲಿ ಮಾಡಿ, ಮೀನುಗಳನ್ನು ಓಣಿಯ ಹುಡುಗರಿಗೆ ಕೊಟ್ಟೆ. ಉಳಿದ ನಾಲ್ಕರಿಂದ ತೆಗೆದ ಮೂರು-ನಾಲ್ಕು ಕೊಡ ನೀರು ಹಿತ್ತಲಿನ ನಿಂಬೆಗೆ, ಕರಿಬೇವಿಗೆ ಹೋಗುತ್ತದೆ. ಹಾಕುವವನು ಅಪ್ಪನೇ.

ಈಗಲೂ ರಾತ್ರಿ ಕರೆಂಟು ಹೋದರೆ ಎಚ್ಚರಾಗುತ್ತದೆ. ಕತ್ತಲಲ್ಲಿ ಡ್ರಮ್ಮಿಗೆ ನೀರು ಇಳಿಯುವ ಸದ್ದು ಕೇಳುತ್ತ ಮಲಗಿರುತ್ತೇನೆ. ಸ್ವಲ್ಪ ಹೊತ್ತಿಗೆ ಪೈಪು ಗೊಳಕ್ ಎಂದು ಗಾಳಿ ಕುಡಿಯುತ್ತದೆ. ಪಡಸಾಲೆಯಿಂದ ಅಪ್ಪನ ದನಿ ಬರುತ್ತದೆ.

“ನಿಂತತೇನ, ತಂಗಿ?”

“ನಿಂತತಪ್ಪಾ.”